ಪರೀಕ್ಷೆಗೂ ಮೊದಲೇ ಬಂದ ತೀರ್ಪು: ಅಮೆರಿಕದ ಏರ್ ಟ್ರಾಫಿಕ್ ಕಂಟ್ರೋಲರ್ ನೇಮಕಾತಿಯ 2014ರ ಪ್ರಕರಣ

2014ರ ಫೆಬ್ರವರಿಯಲ್ಲಿ ಅಮೆರಿಕದ ವಿಮಾನಯಾನ ಆಡಳಿತ ಸಂಸ್ಥೆ ಎಫ್‌ಎಎ, ಏರ್ ಟ್ರಾಫಿಕ್ ಕಂಟ್ರೋಲರ್ ಹುದ್ದೆಗಳಿಗೆ ಅರ್ಜಿ ಕರೆಯಿತು. ಅರ್ಜಿ ಹಾಕಲು ಕೊಟ್ಟ ಸಮಯ ತೀರಾ ಕಮ್ಮಿ, 10ರಿಂದ 21ನೇ ತಾರೀಖಿನವರೆಗೆ. ಆದರೂ 28 ಸಾವಿರಕ್ಕೂ ಜಾಸ್ತಿ ಜನ ಅರ್ಜಿ ಹಾಕಿದರು. ಸ್ವಲ್ಪ ದಿನದಲ್ಲೇ ಅವರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನರಿಗೆ ಒಂದು ಇಮೇಲ್ ಬಂತು. ನೀವು ಈ ಹುದ್ದೆಗೆ ಅರ್ಹರಲ್ಲ ಅಂತ. ಯಾಕೆ ಅಂತ ಇರಲಿಲ್ಲ. ಎಷ್ಟು ಅಂಕ ಬಂತು ಅಂತಲೂ ಇರಲಿಲ್ಲ. ಅಸಲಿಗೆ ಈ ಸುತ್ತಿನ ಸಾಮರ್ಥ್ಯದ ಪರೀಕ್ಷೆಯನ್ನೇ ಅವರಿನ್ನೂ ಬರೆದಿರಲಿಲ್ಲ. ತಮ್ಮ ಬದುಕಿನ ಬಗ್ಗೆ ಒಂದಷ್ಟು ಪ್ರಶ್ನೆಗಳಿಗೆ ಉತ್ತರ ಒತ್ತಿದ್ದರು, ಅಷ್ಟೇ.

ಈ ಸಂಗತಿ ಆಮೇಲೆ ಕೋರ್ಟಿಗೆ ಹೋಯಿತು, ಅಮೆರಿಕದ ಸಂಸತ್ತಿಗೆ ಹೋಯಿತು, 2025ರ ಒಂದು ದೊಡ್ಡ ಅಪಘಾತದ ಮರುದಿನ ಮತ್ತೆ ಟಿವಿಗೂ ಬಂತು. ಬಹಳ ಜನ ಇದನ್ನು ಬರೀ ರಾಜಕೀಯದ ಜಗಳವಾಗಿ ನೋಡುತ್ತಾರೆ. ನನಗೆ ಅದಕ್ಕಿಂತ ಮುಖ್ಯ ಅನಿಸುವುದು ಬೇರೆ. ಒಂದು ಕೆಲಸಕ್ಕೆ ಜನರನ್ನು ಸೋಸುವಾಗ ಯಾವ ಜರಡಿ ಮೊದಲು ಬರಬೇಕು, ಯಾವುದು ಆಮೇಲೆ? ಒಳ್ಳೆಯ ಜರಡಿಯನ್ನೇ ತಪ್ಪು ಜಾಗದಲ್ಲಿ ಇಟ್ಟರೆ ಏನಾಗುತ್ತದೆ?

ಕೆಲಸ ಎಂಥದ್ದು

ಕಂಟ್ರೋಲರ್ ಅಂದರೆ ಗಾಜಿನ ಟವರ್‌ನಲ್ಲಿ ಬೈನಾಕ್ಯುಲರ್ ಹಿಡಿದು ನಿಂತವರು ಎಂಬ ಚಿತ್ರ ಎಲ್ಲರ ತಲೆಯಲ್ಲೂ ಇದೆ. ಅವರೂ ಹೌದು. ಆದರೆ ಎಷ್ಟೋ ಜನ ಕಂಟ್ರೋಲರ್‌ಗಳು ರನ್‌ವೇಯನ್ನೇ ನೋಡದೆ, ಮಬ್ಬು ಬೆಳಕಿನ ಕೋಣೆಯಲ್ಲಿ ರಾಡಾರ್ ಪರದೆ ಮುಂದೆ ಕೂತು ಕೆಲಸ ಮಾಡುತ್ತಾರೆ. ವಿಮಾನಗಳ ನಡುವಿನ ಅಂತರ ಕಾಯುವುದು ಅವರ ಮೊದಲ ಕೆಲಸ. ನಿಲ್ದಾಣದ ಸುತ್ತಮುತ್ತ ಸಾಮಾನ್ಯವಾಗಿ 3 ನಾಟಿಕಲ್ ಮೈಲಿ, ದೂರದ ಹಾದಿಯಲ್ಲಿ 5 ನಾಟಿಕಲ್ ಮೈಲಿ, ಅದಿಲ್ಲದಿದ್ದರೆ ಎತ್ತರದಲ್ಲಿ 1,000 ಅಡಿ. ಕೇಳಲು ಬೇಕಾದಷ್ಟಾಯಿತು ಅನಿಸುತ್ತದೆ ಅಲ್ವಾ? ಎದುರುಬದುರಾಗಿ ಬರುವ ಎರಡು ಜೆಟ್‌ಗಳು ತಲಾ 480 ನಾಟ್, ಅಂದರೆ ಗಂಟೆಗೆ 480 ನಾಟಿಕಲ್ ಮೈಲಿ ವೇಗದಲ್ಲಿದ್ದರೆ ಅವುಗಳ ನಡುವಿನ ದೂರ ನಿಮಿಷಕ್ಕೆ 16 ಮೈಲಿಯಂತೆ ಕರಗುತ್ತದೆ. 5 ಮೈಲಿ ಕರಗಲು 20 ಸೆಕೆಂಡೂ ಬೇಡ.

ಇಂಥ ಹಲವು ವಿಮಾನಗಳನ್ನು ಒಟ್ಟಿಗೆ ತಲೆಯಲ್ಲಿ ಇಟ್ಟುಕೊಳ್ಳಬೇಕು. ಒಬ್ಬ ಪೈಲಟ್ ಜೊತೆ ಮಾತಾಡುತ್ತಲೇ ಇನ್ನೊಂದು ವಿಮಾನ ಎರಡು ನಿಮಿಷದ ನಂತರ ಎಲ್ಲಿರುತ್ತದೆ ಅಂತ ಅಂದಾಜು ಮಾಡಬೇಕು. ಇದು ಮಾರ್ಕ್ಸ್ ಕಾರ್ಡಿನಲ್ಲಿ ಕಾಣುವ ಗುಣವಲ್ಲ. ಓದಿನಲ್ಲಿ ಚುರುಕಾದವರೂ ಇಲ್ಲಿ ತಡವರಿಸುತ್ತಾರೆ. ಸಾಧಾರಣ ಅಂಕದವರು ಸಲೀಸಾಗಿ ಮಾಡುವುದೂ ಉಂಟು. ತರಬೇತಿಯೋ ಉದ್ದ, ದುಬಾರಿ. ಮೊದಲು ಒಕ್ಲಹೋಮ ಸಿಟಿಯಲ್ಲಿರುವ ಎಫ್‌ಎಎ ಅಕಾಡೆಮಿ. ಅಲ್ಲಿ ಪಾಸಾದರೆ ಯಾವುದೋ ಒಂದು ಟವರ್ ಅಥವಾ ರಾಡಾರ್ ಕೇಂದ್ರದಲ್ಲಿ ಅನುಭವಿಗಳ ಪಕ್ಕ ಕೂತು ಕಲಿಕೆ. ಪೂರ್ಣ ಕಂಟ್ರೋಲರ್ ಆಗಲು ಎರಡು ಮೂರು ವರ್ಷ ಹಿಡಿಯುವುದು ಮಾಮೂಲು. ಅಕಾಡೆಮಿಯಲ್ಲಿ ಫೇಲಾದರೆ ಆ ಕೆಲಸ ಅಲ್ಲಿಗೇ ಮುಗಿಯಿತು. ಹಾಗಾಗಿ ಯಾರನ್ನು ಒಳಗೆ ಬಿಡಬೇಕು ಅಂತ ಮೊದಲೇ ಊಹಿಸುವ ಪರೀಕ್ಷೆ ಬೇಕೇ ಬೇಕು.

ಇನ್ನೊಂದು ನಿಯಮವನ್ನು ಗಮನದಲ್ಲಿ ಇಟ್ಟುಕೊಳ್ಳಿ, ಈ ಪ್ರಕರಣದಲ್ಲಿ ಅದೇ ಹೆಚ್ಚು ನೋವು ಕೊಟ್ಟದ್ದು. ಅನುಭವವಿಲ್ಲದ ಹೊಸಬರು 31 ತುಂಬುವ ಮೊದಲೇ ಕೆಲಸಕ್ಕೆ ಸೇರಬೇಕು. 56ಕ್ಕೆ ಕಡ್ಡಾಯ ನಿವೃತ್ತಿ.

ಹಳೆಯ ದಾರಿ

1981ರ ಆಗಸ್ಟ್‌ನಲ್ಲಿ ಅಮೆರಿಕದ ಕಂಟ್ರೋಲರ್‌ಗಳ ಸಂಘ ಮುಷ್ಕರ ಹೂಡಿತು. ಎರಡು ದಿನದೊಳಗೆ ಕೆಲಸಕ್ಕೆ ಬನ್ನಿ ಅಂತ ಅಧ್ಯಕ್ಷ ರೊನಾಲ್ಡ್ ರೇಗನ್ ಗಡುವು ಕೊಟ್ಟರು. ಬಾರದೇ ಇದ್ದ 11 ಸಾವಿರಕ್ಕೂ ಹೆಚ್ಚು ಜನರನ್ನು ವಜಾ ಮಾಡಿದರು. ಅವರ ಜಾಗಕ್ಕೆ ಕೆಲವೇ ವರ್ಷಗಳಲ್ಲಿ ಹೊಸಬರನ್ನು ರಾಶಿ ರಾಶಿ ತುಂಬಿಸಿಕೊಳ್ಳಬೇಕಾಯಿತು. ಒಟ್ಟಿಗೆ ಸೇರಿದವರು ಒಟ್ಟಿಗೇ ನಿವೃತ್ತರಾಗುತ್ತಾರೆ. ಹಾಗಾಗಿ 2000ದ ದಶಕದ ನಡುವಿನಿಂದ ಮತ್ತೆ ದೊಡ್ಡ ಪ್ರಮಾಣದ ನೇಮಕಾತಿ ಶುರುವಾಯಿತು.

ಅಷ್ಟು ಹೊತ್ತಿಗೆ ಎಫ್‌ಎಎ ಒಂದು ವ್ಯವಸ್ಥೆ ಮಾಡಿಕೊಂಡಿತ್ತು. ಕೆಲವು ಕಾಲೇಜುಗಳ ಜೊತೆ ಒಪ್ಪಂದ ಮಾಡಿಕೊಂಡು ಏರ್ ಟ್ರಾಫಿಕ್ ಕೋರ್ಸ್ ನಡೆಸುವುದು. ಇದನ್ನು ಸಿಟಿಐ ಅನ್ನುತ್ತಾರೆ. 2013ರ ಹೊತ್ತಿಗೆ ಇಂಥ ಕಾಲೇಜುಗಳು 36 ಇದ್ದವು. ಅಲ್ಲಿ ಓದಿದವರಿಗೆ ಕೆಲಸ ಗ್ಯಾರಂಟಿ ಅಂತ ಯಾರೂ ಬರೆದುಕೊಟ್ಟಿರಲಿಲ್ಲ. ಆದರೆ ದಾರಿ ಸ್ಪಷ್ಟವಿತ್ತು. ಕೋರ್ಸ್ ಮುಗಿಸಬೇಕು, ಕಾಲೇಜಿನ ಶಿಫಾರಸು ಪಡೆಯಬೇಕು, ಎಟಿ-ಸ್ಯಾಟ್ ಎಂಬ ಪರೀಕ್ಷೆ ಬರೆಯಬೇಕು, ಪಟ್ಟಿಯಲ್ಲಿ ಹೆಸರು ಬಂದ ಮೇಲೆ ಕಾಯಬೇಕು. ಕರೆ ಬಂದರೆ ಅಕಾಡೆಮಿಯ ಮೊದಲ ಐದು ವಾರದ ಬೇಸಿಕ್ಸ್ ಪಾಠದಿಂದ ವಿನಾಯಿತಿ. ಸೈನ್ಯದಲ್ಲಿ ಕಂಟ್ರೋಲರ್ ಆಗಿದ್ದವರಿಗೆ ಬೇರೆ ಬಾಗಿಲಿತ್ತು. ಸಾಮಾನ್ಯ ಜನರಿಗೂ ಆಗಾಗ ಅರ್ಜಿ ಕರೆಯುತ್ತಿದ್ದರು.

ಎಟಿ-ಸ್ಯಾಟ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಅದು ನೋಡಲೇಬೇಕಾದ ಪರೀಕ್ಷೆ. ಕಂಪ್ಯೂಟರ್ ಮೇಲೆ ಹೆಚ್ಚುಕಮ್ಮಿ ಇಡೀ ದಿನ. ಎಂಟು ಭಾಗ. ಒಂದರಲ್ಲಿ ವಿಮಾನದ ಮೀಟರ್‌ಗಳನ್ನು ಸರಸರನೆ ಓದಬೇಕು. ಒಂದರಲ್ಲಿ ಎರಡು ಗೆರೆಗಳ ನಡುವಿನ ಕೋನ ಎಷ್ಟು ಡಿಗ್ರಿ ಅಂತ ಕಣ್ಣಳತೆಯಲ್ಲೇ ಹೇಳಬೇಕು. ಒಂದರಲ್ಲಿ ಲೆಕ್ಕ: 240 ನಾಟ್ ವೇಗದ ವಿಮಾನ 60 ಮೈಲಿ ಹೋಗಲು ಎಷ್ಟು ಹೊತ್ತು, ಈ ಜಾತಿಯವು. 'ಲೆಟರ್ ಫ್ಯಾಕ್ಟರಿ' ಎಂಬ ಭಾಗದಲ್ಲಿ ಕನ್ವೇಯರ್ ಬೆಲ್ಟ್‌ಗಳ ಮೇಲೆ ಬಣ್ಣಬಣ್ಣದ ಅಕ್ಷರಗಳು ಇಳಿಯುತ್ತಾ ಬರುತ್ತವೆ. ಅವನ್ನು ಸರಿಯಾದ ಡಬ್ಬಕ್ಕೆ ಹಾಕುತ್ತಾ, ಡಬ್ಬಗಳ ದಾಸ್ತಾನು ಮುಗಿಯದಂತೆ ನೋಡಿಕೊಳ್ಳುತ್ತಾ, ಮಧ್ಯದಲ್ಲಿ ಪರದೆ ಆರಿಸಿ ಕೇಳುವ ಪ್ರಶ್ನೆಗೂ ಉತ್ತರಿಸಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು 'ಏರ್ ಟ್ರಾಫಿಕ್ ಸಿನಾರಿಯೋಸ್'. ಪರದೆಯ ಮೇಲೆ ಒಂದು ಚೌಕ. ಅದೇ ನಿಮ್ಮ ಆಕಾಶ. ನಾಲ್ಕು ಹೊರದಾರಿ, ಎರಡು ವಿಮಾನ ನಿಲ್ದಾಣ. ವಿಮಾನಗಳೆಂದರೆ ಸಣ್ಣ ಬಾಣದ ಗುರುತು. ಪ್ರತಿಯೊಂದರ ಪಕ್ಕ ವೇಗ, ಎತ್ತರ, ಹೋಗಬೇಕಾದ ಜಾಗ. ಇಳಿಯುವ ವಿಮಾನವನ್ನು ಕೆಳಗಿನ ಮಟ್ಟಕ್ಕೆ ತಂದು, ವೇಗ ಕಮ್ಮಿ ಮಾಡಿ, ಸರಿಯಾದ ದಿಕ್ಕಿನಿಂದ ಒಳಗೆ ಬಿಡಬೇಕು. ಹೊರಗೆ ಹೋಗುವುದನ್ನು ಮೇಲೆ ಏರಿಸಿ, ವೇಗ ಜಾಸ್ತಿ ಮಾಡಿ ಕಳಿಸಬೇಕು. ಒಂದಕ್ಕೊಂದು ಹತ್ತಿರ ಬರಬಾರದು. ಮೂರು ವಿಮಾನ ಇರುವಾಗ ಆಟದ ಹಾಗಿರುತ್ತದೆ, ಎಂಟಾದಾಗ ಬೆವರು ಬರುತ್ತದೆ. ಇಲ್ಲಿ ಕೆಟ್ಟ ಅಂಕ ಬಂದವರಿಗೆ ಕಾರಣ ಯಾರೂ ಹೇಳಬೇಕಾಗಿಲ್ಲ. ಎರಡು ಬಾಣ ಡಿಕ್ಕಿ ಹೊಡೆದದ್ದನ್ನು ಅವರೇ ನೋಡಿರುತ್ತಾರೆ.

ನೂರಕ್ಕೆ 70 ಬಂದರೆ ಪಾಸು. 85 ಮುಟ್ಟಿದರೆ 'ಚೆನ್ನಾಗಿ ಅರ್ಹ' ಎಂಬ ಮೇಲಿನ ಪಟ್ಟಿ. ಬಹುಪಾಲು ಜನ ಪಾಸಾಗುತ್ತಿದ್ದರು, ಆದ್ದರಿಂದ ಈ ಜರಡಿಯ ಕಣ್ಣು ದೊಡ್ಡದಾಯಿತು ಎಂಬ ದೂರು ಮೊದಲಿಂದಲೂ ಇತ್ತು. ಇನ್ನೊಂದು ಮಾತು: ಎಂಟನೇ ಭಾಗದಲ್ಲಿ ಆಗಲೇ ಸ್ವಭಾವ ಮತ್ತು ಅನುಭವದ ಪ್ರಶ್ನೆಗಳಿದ್ದವು. ಅಂದರೆ ಬದುಕಿನ ಬಗ್ಗೆ ಕೇಳುವುದು 2014ರಲ್ಲಿ ಹೊಸದಾಗಿ ಬಂದದ್ದಲ್ಲ. ಆಗ ಅದು ಎಂಟರಲ್ಲಿ ಒಂದಾಗಿತ್ತು, ಅಷ್ಟೇ.

ಬದಲಾವಣೆ

2013 ಎಫ್‌ಎಎಗೆ ಕೆಟ್ಟ ವರ್ಷ. ಕೇಂದ್ರ ಸರ್ಕಾರದ ಖರ್ಚು ಕಡಿತದಿಂದ ನೇಮಕಾತಿ ನಿಂತಿತು, ಅಕಾಡೆಮಿ ತಿಂಗಳುಗಟ್ಟಲೆ ಮುಚ್ಚಿತ್ತು. ಪಟ್ಟಿಯಲ್ಲಿದ್ದವರು ಕಾಯುತ್ತಲೇ ಇದ್ದರು. ಡಿಸೆಂಬರ್ ಕೊನೆಯಲ್ಲಿ, ಎಲ್ಲರೂ ರಜೆಯ ಗುಂಗಿನಲ್ಲಿದ್ದಾಗ, ಸಿಟಿಐ ಕಾಲೇಜುಗಳಿಗೆ ಒಂದು ಇಮೇಲ್ ಬಂತು. ಇನ್ನು ಮುಂದೆ ಕಾಲೇಜಿನವರಿಗೆ, ಸಾಮಾನ್ಯರಿಗೆ ಅಂತ ಬೇರೆ ಬೇರೆ ಬಾಗಿಲಿಲ್ಲ, ಎಲ್ಲರಿಗೂ ಒಂದೇ ಅರ್ಜಿ. ಹಳೆಯ ಪಟ್ಟಿ ರದ್ದು. ಹಳೆಯ ಎಟಿ-ಸ್ಯಾಟ್ ಅಂಕ ಲೆಕ್ಕಕ್ಕಿಲ್ಲ. ಮೊದಲು ಎಲ್ಲರೂ ಒಂದು ಪ್ರಶ್ನಾವಳಿ ದಾಟಬೇಕು, ದಾಟಿದವರಿಗೆ ಮಾತ್ರ ಎಟಿ-ಸ್ಯಾಟ್.

ಎಫ್‌ಎಎ ಹೇಳಿದ ಉದ್ದೇಶವನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ಕಂಟ್ರೋಲರ್‌ಗಳಲ್ಲಿ ಹೆಣ್ಣುಮಕ್ಕಳು, ಕಪ್ಪು ಜನಾಂಗದವರು ಕಡಿಮೆ ಇದ್ದರು. ಅವರಿಗೆ ಎಲ್ಲಿ ಅಡ್ಡಿಯಾಗುತ್ತಿದೆ ಅಂತ ಸಂಸ್ಥೆ ಒಂದು ಅಧ್ಯಯನ ಮಾಡಿಸಿತ್ತು. ಕಾಲೇಜಿಗೆ ದುಡ್ಡು ಕಟ್ಟಿ ಓದಲು ಆಗದವರಿಗೂ ಬಾಗಿಲು ತೆರೆಯಬೇಕು ಎಂಬ ಮಾತಿನಲ್ಲಿ ತಪ್ಪಿಲ್ಲ. ಬಾಗಿಲು ದೊಡ್ಡದಾದರೆ ಬರುವವರೂ ಜಾಸ್ತಿಯಾಗುತ್ತಾರೆ. 28 ಸಾವಿರ ಜನರನ್ನೂ ಇಡೀ ದಿನದ ಪರೀಕ್ಷೆಗೆ ಕೂರಿಸುವುದು ಖರ್ಚಿನ ಬಾಬ್ತು. ಹಾಗಾಗಿ ಅಗ್ಗದ, ಮನೆಯಲ್ಲೇ ಕೂತು ತುಂಬಬಹುದಾದ ಪ್ರಶ್ನಾವಳಿ ಮುಂದಕ್ಕೆ ಬಂತು. ಈ ತರ್ಕ ನನಗೆ ಅರ್ಥವಾಗುತ್ತದೆ. ಒಪ್ಪಲು ಆಗುವುದಿಲ್ಲ.

ಪ್ರಶ್ನೆಗಳು

ಹೈಸ್ಕೂಲಿನಲ್ಲಿ ಎಷ್ಟು ಬಗೆಯ ಆಟ ಆಡಿದ್ದೀರಿ? ನಿಮ್ಮ ಸೋಲುಗಳಿಗೆ ಮುಖ್ಯ ಕಾರಣ ಯಾವುದು? ಇಂಥವು. ಆಮೇಲೆ ಕೋರ್ಟಿನ ದಾವೆಯಿಂದಾಗಿ ಅಂಕ ಕೊಡುವ ಕೀಲಿ ಹೊರಗೆ ಬಂದಾಗ ಜನ ಹೌಹಾರಿದರು. ಹೈಸ್ಕೂಲಿನಲ್ಲಿ ಯಾವ ವಿಷಯದಲ್ಲಿ ಅತಿ ಕಡಿಮೆ ಅಂಕ ಬಂದಿತ್ತು ಎಂಬ ಪ್ರಶ್ನೆಗೆ ಐದಾರು ಆಯ್ಕೆ. 'ವಿಜ್ಞಾನ' ಅಂದರೆ 15 ಅಂಕ. ಕಾಲೇಜಿನಲ್ಲಿ ಅತಿ ಕಡಿಮೆ ಅಂಕ ಯಾವುದರಲ್ಲಿ? 'ಇತಿಹಾಸ ಅಥವಾ ರಾಜ್ಯಶಾಸ್ತ್ರ' ಅಂದರೆ 15.

ನಗು ಬರುತ್ತದೆ. ಆದರೆ ಇಂಥ ಪ್ರಶ್ನಾವಳಿಗಳು ಹುಟ್ಟುವ ರೀತಿ ಗೊತ್ತಿದ್ದರೆ ಇದು ಹುಚ್ಚಾಟ ಅನಿಸುವುದಿಲ್ಲ. ಈಗಾಗಲೇ ಕೆಲಸದಲ್ಲಿರುವವರಿಗೆ ನೂರಾರು ಪ್ರಶ್ನೆ ಕೇಳುತ್ತಾರೆ. ಚೆನ್ನಾಗಿ ಕೆಲಸ ಮಾಡುವವರು ಯಾವ ಉತ್ತರವನ್ನು ಹೆಚ್ಚಾಗಿ ಆರಿಸುತ್ತಾರೋ ಆ ಉತ್ತರಕ್ಕೆ ಅಂಕ. ಯಾಕೆ ಹಾಗೆ ಅಂತ ಯಾರೂ ಕೇಳುವುದಿಲ್ಲ, ಅಂಕಿಅಂಶದಲ್ಲಿ ಹೊಂದಿತಲ್ಲ, ಸಾಕು. ಕೀಲಿ ಗುಟ್ಟಾಗಿ ಇಡುವುದೂ ಈ ವಿಧಾನದ ಭಾಗವೇ. ಗೊತ್ತಾದರೆ ಎಲ್ಲರೂ ಅದನ್ನೇ ಒತ್ತುತ್ತಾರೆ. ಕೆಲಸಕ್ಕೆ ಜನರನ್ನು ಆರಿಸುವ ಮನಃಶಾಸ್ತ್ರದಲ್ಲಿ ಇದು ಹಳೆಯ ಸಾಧನ. ಬಳಸಲು ಬಂದರೆ ಕೆಲಸಕ್ಕೂ ಬರುತ್ತದೆ.

ತೊಡಕು ಎಲ್ಲಿದೆ ಅಂದರೆ, ಕೀಲಿ ಹುಟ್ಟಿದ್ದು ಈಗಾಗಲೇ ಆಯ್ಕೆಯಾಗಿ ಬಂದವರಿಂದ. ಅವರೆಲ್ಲ ಆಗಲೇ ಒಂದು ಸಾಮರ್ಥ್ಯದ ಪರೀಕ್ಷೆ ದಾಟಿ, ಅಕಾಡೆಮಿ ದಾಟಿ ಬಂದವರು. ಅವರೊಳಗೆ ವಿಜ್ಞಾನದಲ್ಲಿ ಹಿಂದಿದ್ದವರು ಇನ್ನೂ ಚೆನ್ನಾಗಿ ಮಾಡುತ್ತಿರಬಹುದು. ಅದಕ್ಕೆ ಬೇರೆ ಯಾವುದೋ ಗಟ್ಟಿ ಗುಣ ಇರುವ ಕಾರಣವೇ ಅವರು ಅಲ್ಲಿಯವರೆಗೆ ಬಂದಿರಬಹುದು. ಅದೇ ಉತ್ತರವನ್ನು ಬೀದಿಯಿಂದ ಬಂದ 28 ಸಾವಿರ ಜನರ ಮೇಲೆ ಮೊದಲ ಜರಡಿಯಾಗಿ ಹಿಡಿದರೆ ಅರ್ಥವೇ ಬದಲಾಗುತ್ತದೆ. ಅಲ್ಲಿ ವಿಜ್ಞಾನದಲ್ಲಿ ಹಿಂದಿದ್ದವರು ಬರೀ ವಿಜ್ಞಾನದಲ್ಲಿ ಹಿಂದಿದ್ದವರು ಅಷ್ಟೇ ಆಗಿರಬಹುದು. ಎಂಟು ಭಾಗಗಳಲ್ಲಿ ಒಂದಾಗಿ ಇದ್ದಿದ್ದರೆ ಇಂಥ ತಪ್ಪು ಉಳಿದ ಏಳರಲ್ಲಿ ಸರಿಹೋಗುತ್ತಿತ್ತು. ಹೋಗು ಅಥವಾ ಬಾ ಅನ್ನುವ ಮೊದಲ ಬಾಗಿಲಲ್ಲಿ ಇಟ್ಟರೆ ಸರಿಪಡಿಸಲು ಮುಂದೆ ಏನೂ ಉಳಿಯುವುದಿಲ್ಲ.

ಇದರ ಪರಿಣಾಮ ವಿಚಿತ್ರವಾಗಿತ್ತು. ಕಂಟ್ರೋಲರ್ ಕೋರ್ಸ್‌ನ ಪದವಿ ಇದ್ದವರು, ಹಳೆಯ ಪಟ್ಟಿಯಲ್ಲಿ 'ಚೆನ್ನಾಗಿ ಅರ್ಹ' ಆಗಿದ್ದವರು ದಂಡಿಯಾಗಿ ಹೊರಗೆ ಬಿದ್ದರು. ಮುಂದೆ ದಾವೆ ಹೂಡಿದವರಲ್ಲಿ ಒಬ್ಬ ಎಟಿ-ಸ್ಯಾಟ್‌ನಲ್ಲಿ ನೂರಕ್ಕೆ ನೂರು ತೆಗೆದವನು. ಅದೇ ವೇಳೆ ವಿಮಾನದ ಗಂಧಗಾಳಿ ಇಲ್ಲದ ಕೆಲವರು ಒಳಗೆ ಬಂದರು. ಒಳಗೆ ಬಂದದ್ದು ಅವರ ತಪ್ಪಲ್ಲ. ಅವರೂ ಎಟಿ-ಸ್ಯಾಟ್ ಬರೆಯಲೇಬೇಕಿತ್ತು, ಅಕಾಡೆಮಿಯಲ್ಲಿ ಪಾಸಾಗಲೇಬೇಕಿತ್ತು. 'ಲಾಯಕ್ಕಿಲ್ಲದವರನ್ನು ಟವರ್ ಹತ್ತಿಸಿದರು' ಅಂತ ಆಮೇಲೆ ಎದ್ದ ಗುಲ್ಲು ಈ ಒಂದು ಕಾರಣಕ್ಕೇ ನಿಲ್ಲುವುದಿಲ್ಲ. ಮುಂದಿನ ಜರಡಿಗಳು ಇದ್ದ ಜಾಗದಲ್ಲೇ ಇದ್ದವು. ನಷ್ಟವಾದದ್ದು ಹೊರಗೆ ಉಳಿದವರ ಕಡೆ.

2015ರಲ್ಲಿ ಇನ್ನೊಂದು ಆರೋಪ ಬಂತು. ನೌಕರರ ಒಂದು ಸಂಘದ ಕೆಲವರಿಗೆ ಪ್ರಶ್ನಾವಳಿಗೆ ಹೇಗೆ ಉತ್ತರಿಸಬೇಕು ಅಂತ ಒಳಗಿನವರೇ ಹೇಳಿಕೊಟ್ಟರು ಅಂತ. ಇದು ಆರೋಪ. ಇದರ ಸುತ್ತ ಬಹಳ ಬರೆದಿದ್ದಾರೆ, ನಾನು ಅದನ್ನು ಬೆಳೆಸುವುದಿಲ್ಲ. ಆದರೆ ಗುಟ್ಟಿನ ಕೀಲಿಯ ಮೇಲೆ ನಿಂತ ಪರೀಕ್ಷೆಗೆ ಇಂಥ ಒಂದು ಮಾತು ಎದ್ದರೂ ಸಾಕು, ನಂಬಿಕೆ ಹೋಗುತ್ತದೆ. ಸಿನಾರಿಯೋಸ್ ಭಾಗದಲ್ಲಿ ವಿಮಾನ ಇಳಿಸುವುದು ಹೇಗೆ ಅಂತ ಯಾರಾದರೂ ಮೊದಲೇ ಹೇಳಿಕೊಟ್ಟರೂ, ಇಳಿಸುವುದು ನಾವೇ ತಾನೇ?

ವಯಸ್ಸು

ಈಗ ಆ 31ರ ನಿಯಮಕ್ಕೆ ಬರೋಣ. ಬೇರೆ ಕೆಲಸವಾದರೆ ಈ ವರ್ಷ ಇಲ್ಲ, ಮುಂದಿನ ವರ್ಷ ನೋಡೋಣ ಅನ್ನಬಹುದು. ಇಲ್ಲಿ ಹಾಗಲ್ಲ. 29ರ ಒಬ್ಬರನ್ನು ಊಹಿಸಿಕೊಳ್ಳಿ. ಕೋರ್ಸ್ ಮುಗಿಸಿದ್ದಾರೆ, ಸಾಲ ಇದೆ, 2013 ಪೂರ್ತಿ ಕಾದಿದ್ದಾರೆ. 2014ರಲ್ಲಿ ಬೇರೆ ಪರೀಕ್ಷೆ, ಕಾರಣವಿಲ್ಲದ ತಿರಸ್ಕಾರ, ಮೇಲ್ಮನವಿಗೆ ದಾರಿಯಿಲ್ಲ. 2015ರಲ್ಲಿ ಎರಡನೇ ಆವೃತ್ತಿಯ ಅದೇ ಬಗೆಯ ಪ್ರಶ್ನಾವಳಿ. ಅಷ್ಟರಲ್ಲಿ 31. ಯಾರೂ ಅವರನ್ನು ಸಾಮರ್ಥ್ಯವಿಲ್ಲ ಅಂತ ಹೇಳಲಿಲ್ಲ, ಆದರೂ ಬಾಗಿಲು ಮುಚ್ಚಿತು. ನಿಯಮ ಬದಲಿಸುವ ಹಕ್ಕು ಸಂಸ್ಥೆಗೆ ಖಂಡಿತ ಇದೆ. ವಯಸ್ಸಿನ ಗಡುವು ಹಾಕಿದ ಸಂಸ್ಥೆಯೇ ನಡುದಾರಿಯಲ್ಲಿ ನಿಯಮ ಬದಲಿಸುವುದಾದರೆ, ಹಳೆಯ ದಾರಿಯಲ್ಲಿ ಅರ್ಧ ನಡೆದವರಿಗೆ ಒಂದೆರಡು ವರ್ಷದ ಅವಕಾಶ ಕೊಡುವುದು ಕನಿಷ್ಠ ಮರ್ಯಾದೆ. ಅದನ್ನೂ ಕೊಡಲಿಲ್ಲ.

2015ರ ಕೊನೆಯಲ್ಲಿ ದಾವೆ ಬಿತ್ತು. ಕೋರ್ಟಿನದು ನಿಧಾನದ ಹೆಜ್ಜೆ. ಹೊರಗುಳಿದ ಸಿಟಿಐ ಪದವೀಧರರ ಒಂದು ಗುಂಪಿನ ಪರವಾಗಿ ಒಟ್ಟಿಗೆ ಕೇಸು ನಡೆಸಬಹುದು ಅಂತ ನ್ಯಾಯಾಲಯ ಒಪ್ಪಿದ್ದೇ 2022ರಲ್ಲಿ. ಸಂಸತ್ತು ಅದಕ್ಕಿಂತ ಬೇಗ ಕೆಲಸ ಮಾಡಿತು. 2016ರ ಜುಲೈನಲ್ಲಿ ಬಂದ ಕಾನೂನಿನ ಪ್ರಕಾರ ಸಿಟಿಐ ಪದವೀಧರರು ಮತ್ತು ಮಾಜಿ ಸೈನಿಕರ ಮೇಲೆ ಈ ಪ್ರಶ್ನಾವಳಿ ಹಾಕುವಂತಿಲ್ಲ. ಅದರಿಂದ ಹೊರಬಿದ್ದ ಈ ಎರಡು ಗುಂಪಿನವರು ಮತ್ತೆ ಅರ್ಜಿ ಹಾಕಬಹುದು. ತಿರಸ್ಕಾರದ ದಿನ ವಯಸ್ಸು ಮಿತಿಯೊಳಗೆ ಇದ್ದರೆ, ಈಗ ದಾಟಿದ್ದರೂ ಪರವಾಗಿಲ್ಲ. ವಯಸ್ಸಿನ ಈ ಸಣ್ಣ ಕಲಮು ನನಗೆ ಇಡೀ ಪ್ರಕರಣದಲ್ಲೇ ಅತ್ಯಂತ ವಿವೇಕದ ಸಾಲು ಅನಿಸುತ್ತದೆ. ಆದರೆ ಎರಡು ವರ್ಷದಲ್ಲಿ ಜನ ಬೇರೆ ಬದುಕು ಕಟ್ಟಿಕೊಂಡಿರುತ್ತಾರೆ, ಎಲ್ಲರೂ ವಾಪಸ್ ಬರಲಾರರು. 2018ರಲ್ಲಿ ಎಫ್‌ಎಎ ಪ್ರಶ್ನಾವಳಿಯನ್ನು ಎಲ್ಲರಿಗೂ ಕೈಬಿಟ್ಟಿತು.

ಈಗ ಅರ್ಜಿ ಹಾಕಿದರೆ

ಎಟಿ-ಸ್ಯಾಟ್ ಜಾಗಕ್ಕೆ ಎಟಿಎಸ್‌ಎ ಎಂಬ ಹೊಸ ಪರೀಕ್ಷೆ ಬಂದಿದೆ. ಹಳೆಯದರಷ್ಟು ಉದ್ದವಿಲ್ಲ. ನೆನಪಿನ ಶಕ್ತಿ, ದಿಕ್ಕಿನ ಅರಿವು, ಓದಿ ಅರ್ಥ ಮಾಡಿಕೊಳ್ಳುವುದು, ತರ್ಕ, ಇವೆಲ್ಲ ಇವೆ. ಒಂದು ಭಾಗದಲ್ಲಿ ಪರದೆಯ ತುಂಬ ನಂಬರ್ ಇರುವ ಚುಕ್ಕೆಗಳು ಓಡಾಡುತ್ತವೆ. ಯಾವ ಎರಡು ಡಿಕ್ಕಿಯಾಗುತ್ತವೆ ಅಂತ ನೋಡಿ ಒಂದರ ನಂಬರ್ ಒತ್ತಿ ತೆಗೆಯಬೇಕು. ಕೈ ಕುದುರಿತು ಅನ್ನುವಾಗ ಜೊತೆಗೇ ಲೆಕ್ಕಗಳೂ ಬರಲು ಶುರುವಾಗುತ್ತವೆ. ಲೆಕ್ಕಕ್ಕೆ ಗಮನ ಕೊಟ್ಟರೆ ಚುಕ್ಕೆ ಹೋಯಿತು, ಚುಕ್ಕೆ ನೋಡಿದರೆ ಲೆಕ್ಕ ಹೋಯಿತು. ಸ್ವಭಾವದ ಪ್ರಶ್ನೆಗಳು ಈಗಲೂ ಇವೆ, ಮತ್ತೆ ಹಲವು ಭಾಗಗಳಲ್ಲಿ ಒಂದಾಗಿ. ಫಲಿತಾಂಶ ಬರುವುದು 'ಅತ್ಯುತ್ತಮ ಅರ್ಹ', 'ಚೆನ್ನಾಗಿ ಅರ್ಹ', 'ಅರ್ಹ' ಎಂಬ ದರ್ಜೆಯಲ್ಲಿ. ಅದಾದ ಮೇಲೆ ವೈದ್ಯಕೀಯ ತಪಾಸಣೆ, ಮಾನಸಿಕ ಪರೀಕ್ಷೆ, ಡ್ರಗ್ ಟೆಸ್ಟ್, ಹಿನ್ನೆಲೆ ಪರಿಶೀಲನೆ. ಎಲ್ಲ ಮುಗಿದು ಅಕಾಡೆಮಿ ಸೇರುವಷ್ಟರಲ್ಲಿ ಎಷ್ಟೋ ತಿಂಗಳು ಕಳೆದಿರುತ್ತವೆ.

2025ರ ಜನವರಿ 29ರ ರಾತ್ರಿ ವಾಷಿಂಗ್ಟನ್ನಿನ ರೇಗನ್ ನಿಲ್ದಾಣದ ಬಳಿ ಪ್ರಯಾಣಿಕರ ಜೆಟ್ಟಿಗೂ ಸೇನೆಯ ಹೆಲಿಕಾಪ್ಟರಿಗೂ ಡಿಕ್ಕಿಯಾಗಿ 67 ಜನ ಸತ್ತರು. ಬೆಳಗಾಗುವಷ್ಟರಲ್ಲಿ ನೇಮಕಾತಿಯ ಹಳೆಯ ಜಗಳ ಮತ್ತೆ ಮೇಲೆ ಬಂತು. ಅಪಘಾತಕ್ಕೂ ಆ ಪ್ರಶ್ನಾವಳಿಗೂ ನಂಟು ತೋರಿಸುವ ಪುರಾವೆಯನ್ನು ಯಾರೂ ಮುಂದಿಡಲಿಲ್ಲ. ಆ ಅಪಘಾತ ಎತ್ತಿ ತೋರಿಸಿದ ಒಂದು ನಿಜ ಮಾತ್ರ ಈ ಪ್ರಕರಣಕ್ಕೆ ಸಂಬಂಧಿಸಿದ್ದು: ದೇಶದಲ್ಲಿ ಕಂಟ್ರೋಲರ್‌ಗಳು ಸಾಲದು, ಸಾವಿರಗಳ ಲೆಕ್ಕದಲ್ಲಿ ಸಾಲದು. ಮರುತಿಂಗಳು ಸರ್ಕಾರ ನೇಮಕಾತಿಯ ಎಂಟು ಹಂತಗಳನ್ನು ಐದಕ್ಕೆ ಇಳಿಸಿತು, ಅಕಾಡೆಮಿಯಲ್ಲಿ ಕಲಿಯುವವರ ಸಂಬಳ ಶೇಕಡಾ 30ರಷ್ಟು ಏರಿಸುವುದಾಗಿ ಹೇಳಿತು.

ಕಾಲೇಜುಗಳ ಕಥೆಯೂ ಒಂದು ಸುತ್ತು ತಿರುಗಿದೆ. ಒಕ್ಲಹೋಮದ ಅಕಾಡೆಮಿಯಲ್ಲಿ ಜಾಗ ಸಾಲದೆ, 2024ರಲ್ಲಿ ಎಫ್‌ಎಎ ಅದೇ ಸಿಟಿಐ ಕಾಲೇಜುಗಳಲ್ಲಿ ಕೆಲವನ್ನು ಆರಿಸಿ, ಅಕಾಡೆಮಿಯ ಪಾಠವನ್ನೇ ಅಲ್ಲಿ ಪೂರ್ತಿ ಕಲಿಸಲು ಒಪ್ಪಿಗೆ ಕೊಡತೊಡಗಿತು. ಮೊದಲು ಬಂದವು ಟಲ್ಸ ಕಮ್ಯುನಿಟಿ ಕಾಲೇಜು ಮತ್ತು ಒಕ್ಲಹೋಮ ವಿಶ್ವವಿದ್ಯಾಲಯ. ಅಲ್ಲಿಂದ ಬಂದವರಿಗೆ ಐದು ವಾರದ ವಿನಾಯಿತಿ ಅಲ್ಲ, ಅಕಾಡೆಮಿಯಿಂದಲೇ ವಿನಾಯಿತಿ. ನೇರವಾಗಿ ಟವರ್ ಅಥವಾ ರಾಡಾರ್ ಕೇಂದ್ರಕ್ಕೆ ಹೋಗಬಹುದು. ಎಟಿಎಸ್‌ಎ ಮಾತ್ರ ಅವರೂ ಬರೆಯಬೇಕು.